ಆಯುಧವನ್ನಿತ್ತವರ ಪಾಪ

ಷಿಕಾಗೊ, ಡೆಟ್ರಾಯಿಟ್ ಮೊದಲಾದ ಅಮೆರಿಕದ ಮಹಾನಗರಗಳಲ್ಲಿ ಹದಿನೈದು ಹದಿನಾರರ ಹುಡುಗಿಯೊಬ್ಬಳು ಪುಸ್ತಕದ ಚೀಲದ ತಳದಲ್ಲಿ, ಮಡಿಸಿದ ಸ್ವೆಟರಿನೊಳಗೆ, ಪಿಸ್ತೂಲೊಂದನ್ನು ಅಡಗಿಸಿಕೊಂಡು ಶಾಲೆಗೆ ಹೊರಟಳೆಂದರೆ, ಅದರ ಪಾಪವು ಯಾರಿಗೆ ಸಲ್ಲತಕ್ಕದ್ದೆಂಬ ಪ್ರಶ್ನೆ ನ್ಯಾಯಾಸ್ಥಾನಕ್ಕೆ ಸೇರಿದಷ್ಟೇ ಧರ್ಮವಿಚಾರಕ್ಕೂ ಸೇರಿದುದು. ಗಂಡುಹುಡುಗರಿಗಿಂತ ಹೀಗೆ ಮಾಡುವ ಹೆಣ್ಣುಮಕ್ಕಳು ಬಹು ಕಡಮೆ. ಅವರಲ್ಲಿಯೂ ಹಲವರು ಕೊಲ್ಲುವ ಸಂಕಲ್ಪದಿಂದಲ್ಲ, ಹಿಂದೆ ಪೆಟ್ಟು ತಿಂದ ನೆನಪಿನಿಂದಲೋ, ಸಂಜೆ ಬಸ್ಸಿಗೆ ಕಾಯುವ ಮೂಲೆಯ ಭಯದಿಂದಲೋ, ಹೆಣ್ಣಿನ ಚೀಲವನ್ನು ಯಾರೂ ಶೋಧಿಸರೆಂದು ನಂಬಿದ ಗೆಳೆಯನ ಒತ್ತಾಯದಿಂದಲೋ ಅದನ್ನು ಹೊರುವರು. ಅನೇಕ ಶಾಲೆಗಳ ಬಾಗಿಲಲ್ಲಿ ಲೋಹಶೋಧಕ ಯಂತ್ರವುಂಟು. ಮನೆಯ ದಾರಿಯಲ್ಲಿ ಕಾವಲಿಲ್ಲ.

ಶಾಲೆಗೆ ಬಂದೂಕು ತಂದ ವಿದ್ಯಾರ್ಥಿಯನ್ನು ಒಂದು ವರ್ಷಕ್ಕೆ ಕಡಮೆಯಿಲ್ಲದಂತೆ ಹೊರಹಾಕಬೇಕೆಂದು ಅಲ್ಲಿಯ 1994ರ ಕಾಯಿದೆ ವಿಧಿಸಿತು. ಪ್ರಸಂಗಾನುಸಾರ ಸಡಿಲಿಸುವ ಅವಕಾಶವನ್ನೂ ಇಟ್ಟಿತು. ಸಹಪಾಠಿಗಳ ರಕ್ಷಣೆಗೆ ಇದು ಬೇಡವೆನ್ನಲಾಗದು. ಆದರೆ ಯಾವ ಬೀದಿಗೆ ಹೆದರಿ ಆ ಬಾಲೆ ಆಯುಧವನ್ನು ಹೊತ್ತಳೋ ಆ ಬೀದಿಗೇ ಅವಳನ್ನು ಹಗಲೆಲ್ಲ ನೂಕಿದಂತಾಯಿತಲ್ಲವೆ?

ಪಾಪವು ಯಾರಿಗೆ ಸಲ್ಲತಕ್ಕದ್ದೆಂಬ ಮೊದಲ ಪ್ರಶ್ನೆಗೆ ಮರಳಿದರೆ, ಹಿಂಸೆಯ ಲೆಕ್ಕವನ್ನು ಜೈನಾಚಾರ್ಯರಷ್ಟು ಸೂಕ್ಷ್ಮವಾಗಿ ಇಟ್ಟವರು ವಿರಳ. ಆತ್ಮರಕ್ಷಣೆಗಾಗಿ ಅನಿವಾರ್ಯವಾಗುವ ವಿರೋಧಿ ಹಿಂಸೆಯನ್ನು ಗೃಹಸ್ಥನಿಗೆ ಪೂರ್ಣವಾಗಿ ನಿಷೇಧಿಸದ ಆ ಪರಂಪರೆಯೇ, ಕೊಡಲಿ, ಕತ್ತಿ, ಬೆಂಕಿ, ಸಂಕೋಲೆ ಮೊದಲಾದ ವಧಸಾಧನಗಳನ್ನು ಪರರ ಕೈಗೆ ಕೊಡುವುದನ್ನು ಹಿಂಸಾದಾನವೆಂದು ಕರೆದು, ಶ್ರಾವಕನು, ಎಂದರೆ ಜೈನ ಗೃಹಸ್ಥನು, ತ್ಯಜಿಸಬೇಕಾದ ಅನರ್ಥದಂಡಗಳಲ್ಲಿ, ಎಂದರೆ ನಿಷ್ಪ್ರಯೋಜಕ ಪಾಪಕಾರ್ಯಗಳಲ್ಲಿ, ಎಣಿಸಿತು; ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದು ಸ್ಪಷ್ಟವಾಗಿದೆ. ಹೊಡೆದವನಿಗಷ್ಟೇ ದೋಷವಲ್ಲ, ಮಾಡಿಸಿದವನಿಗೂ ಅನುಮೋದಿಸಿದವನಿಗೂ ಉಂಟು. ಇದಕ್ಕೆ ಪ್ರತಿಯಾಗಿ ಅಭಯವನ್ನು ಅದೇ ಮತವು ಆಹಾರ, ಔಷಧ, ಶಾಸ್ತ್ರಗಳ ಸಾಲಿನಲ್ಲಿ ದಾನವೆಂದೇ ಇಟ್ಟಿದೆ. ನಮ್ಮ ನಾಡಿನ ಜೈನಶಾಸನಗಳು ದಾನಿಗಳನ್ನು ಕೊಂಡಾಡುವಾಗ ಈ ನಾಲ್ಕನ್ನೂ ಹೆಸರಿಸುವುದುಂಟು.

ಈ ಒರೆಗಲ್ಲಿಗೆ ಹಚ್ಚಿದರೆ ಆ ಹುಡುಗಿ ನಿರ್ದೋಷಿಯಾಗಳು. ಚೀಲದೊಳಗಿನ ಗುಂಡಿಗೆ ಹೊತ್ತವಳ ಉದ್ದೇಶ ತಿಳಿಯದಷ್ಟೆ. ಆದರೆ ಹದಿನೆಂಟು ತುಂಬದವರಿಗೆ ಪಿಸ್ತೂಲು ಮಾರುವುದನ್ನು ಅದೇ 1994ರಲ್ಲಿ ನಿಷೇಧಿಸಿದ ದೇಶದಲ್ಲಿ ಅವಳ ಕೈಗೆ ಅದು ಬಂದುದಾದರೂ ಹೇಗೆ? ಕದ್ದು ಮಾರಿದವನಿಂದ, ಇರಿಸಿಕೊಳ್ಳೆಂದು ಕೊಟ್ಟ ಗೆಳೆಯನಿಂದ, ಇಲ್ಲವೆ ಹಾಸಿಗೆಯ ಪಕ್ಕದ ಮೇಜಿನ ಖಾನೆಗೆ ಬೀಗ ಹಾಕದೆ ಮಲಗಿದ ತಂದೆಯಿಂದ. ಅಭಯವನ್ನೀಯಲಾರದ ಹಿರಿಯರು ಆಯುಧವನ್ನಿತ್ತರು. ದೋಷದ ದೊಡ್ಡ ಪಾಲು ಅವರದೆಂದೇ ನನ್ನ ತೀರ್ಮಾನ. ಮಕ್ಕಳ ಕೈಗೆ ಸಿಕ್ಕುವಂತೆ ಬಂದೂಕನ್ನು ಇಡುವ ಹಿರಿಯರನ್ನು ದಂಡಿಸುವ ಕಾನೂನನ್ನು ಫ್ಲಾರಿಡಾ ಸಂಸ್ಥಾನವು 1989ರಲ್ಲಿಯೇ ಮಾಡಿತು. ಅಂಥ ಕಾನೂನಿಲ್ಲದ ಸಂಸ್ಥಾನಗಳು ಆ ದೇಶದಲ್ಲಿ ಇಂದಿಗೂ ಹಲವಿವೆ.