ಬಿಸಿಲುಮಚ್ಚೂ ವಿರಾಮಧರ್ಮವೂ

ಗೃಹಸ್ಥನು ತನ್ನ ಮನೆಯನ್ನು ಸುಖಕರವಾಗಿ ಮಾಡಿಕೊಳ್ಳುವುದು ಧರ್ಮವೋ ಭೋಗವೋ ಎಂಬ ಪ್ರಶ್ನೆ ಬಹು ಹಳೆಯದು. ವಿರಾಮವೆಂಬುದು ಸಾಮಗ್ರಿಗಳನ್ನು ಕೂಡಿಸಿ ಸಂಪಾದಿಸತಕ್ಕ ವಸ್ತುವೇ, ಅದರಲ್ಲಿ ನೆರೆಯವರಿಗೆ ಏನಾದರೂ ಹಕ್ಕುಂಟೇ ಎಂಬುದು ಆ ಪ್ರಶ್ನೆಯ ಒಂದು ಕವಲು. ಪಾಠಶಾಲೆಯಲ್ಲಿ ಕಲಿತು, ಶಾಲೆಯಲ್ಲಿ ಕಲಿಸಿ, ಈಗ ನಿವೃತ್ತನಾಗಿ ಕುಳಿತಿರುವ ನನಗೆ ಇದು ಗ್ರಂಥದಿಂದ ಬಂದ ಪ್ರಶ್ನೆಯಲ್ಲ. ಸ್ಪೇನ್ ದೇಶದ ವಲೆನ್ಸಿಯ ನಗರದಲ್ಲಿ ಒಂದು ಬಿಸಿಲುಮಚ್ಚಿನ ಮೇಲೆ ಎದುರಾದುದು. ನಡೆದುದನ್ನು ನಡೆದಂತೆಯೇ ಹೇಳಿ, ಅದರಿಂದ ನನಗೆ ತೋರಿದುದನ್ನು ವಾಚಕರ ಮುಂದಿಡುತ್ತೇನೆ.

ನನ್ನ ಮಗನು ಉದ್ಯೋಗನಿಮಿತ್ತವಾಗಿ ಅಲ್ಲಿ ಮನೆಮಾಡಿಕೊಂಡಿರುವನು. ಕಳೆದ ಬೇಸಗೆಯಲ್ಲಿ ಮೂರು ತಿಂಗಳಿಗೆ ಕೆಲವು ದಿನ ಕಡಮೆಯಾಗಿ ನಾನು ಅವನೊಡನೆ ಇದ್ದೆನು. ಐದು ಅಂತಸ್ತಿನ ಕಟ್ಟಡ. ಇವನ ಮನೆ ನಾಲ್ಕನೆಯದರಲ್ಲಿ. ಹಿಂಭಾಗದಲ್ಲಿ ಕೆಳಗಿನ ಮನೆಯ ಛಾವಣಿಯೇ ಇವನಿಗೆ ಬಿಸಿಲುಮಚ್ಚು. ಉದ್ದ ಹತ್ತು ಹೆಜ್ಜೆ, ಅಗಲ ಆರು ಹೆಜ್ಜೆ. ಆ ದೇಶದವರಿಗೆ ಇಂತಹ ತೆರಪಿನಲ್ಲಿ ಪ್ರೀತಿ ಬಹಳ. ಮಟ್ಟಸವಾದ ಮಾಳಿಗೆಗೆ ಅವರಲ್ಲಿರುವ ‘ಅಸೊತೇಯ’ ಎಂಬ ಹೆಸರು ಅರಬ್ಬಿಯಿಂದ ಬಂದುದು. ಮಳೆ ಕಡಮೆಯಾಗಿ ಬಿಸಿಲು ಹೆಚ್ಚಾಗಿರುವ ದಕ್ಷಿಣದ ಊರುಗಳಲ್ಲಿ ಬಟ್ಟೆ ಒಣಗಿಸುವುದಕ್ಕೂ ರಾತ್ರಿ ತಂಪಿನಲ್ಲಿ ಕುಳ್ಳಿರುವುದಕ್ಕೂ ಅದೇ ಸ್ಥಳ. 1940ರಿಂದ ಆ ದೇಶದ ಗಡಿಯಾರವು ಮಧ್ಯ ಯೂರೋಪಿನ ಗಡಿಯಾರ. ಬೇಸಗೆಯಲ್ಲಿ ಅದನ್ನು ಇನ್ನೂ ಒಂದು ಗಂಟೆ ಮುಂದಿಡುವರು. ಆದಕಾರಣ ಜೂನ್ ತಿಂಗಳಲ್ಲಿ ನಡುಹಗಲೆಂದರೆ ಎರಡು ಗಂಟೆ, ಸೂರ್ಯಾಸ್ತವೆಂದರೆ ಒಂಬತ್ತೂವರೆ. ನನ್ನ ಸಾಯಂಸಂಧ್ಯೆಯೂ ಆ ಹೊತ್ತಿಗೇ ಸರಿಯಿತು, ಊಟ ಹತ್ತಕ್ಕೆ. ಬಿಸಿಲಿಳಿದು ತಂಗಾಳಿ ಬೀಸತೊಡಗಿದ ಮೇಲೆ ಅಲ್ಲಿ ಒಳಗೆ ಕುಳ್ಳಿರುವವನು ರೋಗಿಯೊಬ್ಬನೇ. ಮಾಳಿಗೆಯಿಲ್ಲದ ಹಳ್ಳಿಗರು ಕುರ್ಚಿಗಳನ್ನು ಬೀದಿಗೆ ತಂದು ಬಾಗಿಲ ಮುಂದೆ ಕುಳಿತು ಮಾತನಾಡುವರು. ಕಾದಿಸ್ ಪ್ರಾಂತದ ಅಲ್ಗಾರ್ ಎಂಬ ಸಣ್ಣ ಊರಿನವರು ಈ ಬೀದಿಮಾತಿಗೆ ಯುನೆಸ್ಕೋ ಸಂಸ್ಥೆಯ ಮನ್ನಣೆ ದೊರೆಯಬೇಕೆಂದು 2021ರಲ್ಲಿ ಪ್ರಯತ್ನ ಆರಂಭಿಸಿದರು. ನಮ್ಮ ಊರುಗಳ ಜಗಲಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಮಗನಿಗೆ ಈ ತೆರಪನ್ನು ಸಜ್ಜುಗೊಳಿಸಬೇಕೆಂಬ ಹಂಬಲ ಎರಡು ವರ್ಷದ್ದು. ಬಿಸಿಲಿಗೆ ‘ತೋಲ್ದೊ’ ಎಂಬ, ಬೇಡವಾದಾಗ ಸುತ್ತಿಡಬಹುದಾದ ಬಟ್ಟೆಯ ಚಪ್ಪರ, ‘ಪ್ಲಾಂಚ’ ಎಂಬ ಕಬ್ಬಿಣದ ಅಗಲವಾದ ಕಾವಲಿ, ಸೌದೆ ಉರಿಸುವ ಇಟ್ಟಿಗೆಯ ಒಲೆ, ಪಾತ್ರೆ ತೊಳೆಯಲು ಕೊಳಾಯಿ, ತೊಟ್ಟಿ, ಒರಗು ಕುರ್ಚಿಗಳು, ಕುಂಡಗಳಲ್ಲಿ ಮಲ್ಲಿಗೆ. ಅವನು ಬರೆದಿಟ್ಟಿದ್ದ ಪಟ್ಟಿಯನ್ನು ನೋಡಿದರೆ ಯಾಗಕ್ಕೆ ಸಂಭಾರ ಕೂಡಿಸುವಂತೆ ಕಾಣುತ್ತಿತ್ತು. ಅದರೊಡನೆ ಕಟ್ಟಳೆಗಳೂ ಉಂಟು. ಚಪ್ಪರದಿಂದ ಕಟ್ಟಡದ ಹೊರಮೈ ಬದಲಾಗುವುದರಿಂದ ಮನೆಯೊಡೆಯರ ಸಂಘದ ಒಪ್ಪಿಗೆ ಬೇಕು. 2006ರ ಕಟ್ಟಡ ನಿಯಮಾವಳಿಯ ಪ್ರಕಾರ ಒಂದೇ ಮನೆಯವರು ನಡೆದಾಡತಕ್ಕ ಛಾವಣಿಯನ್ನು ಲೆಕ್ಕ ಹಾಕುವಾಗ ಚದರ ಮೀಟರಿಗೆ ಹಿಡಿಯುವ ಭಾರವು ಒಂದು ಕಿಲೋನ್ಯೂಟನ್, ಎಂದರೆ ಸುಮಾರು 100 ಕಿಲೋಗ್ರಾಂ ಮಾತ್ರ. ಒಂದು ಮೊಳದಷ್ಟು ಆಳದ ನೀರಿನ ತೊಟ್ಟಿಯನ್ನಿಟ್ಟರೂ ಅದರ ನಾಲ್ಕರಷ್ಟಾಯಿತು. ಇಟ್ಟಿಗೆಯ ಒಲೆಯ ಮಾತನ್ನು ಹೇಳುವುದೇನು! ಹೀಗೆ ಒಪ್ಪಿಗೆ, ಲೆಕ್ಕ, ಬೆಲೆ ಎಂದು ಅವನ ಭಾನುವಾರಗಳೆಲ್ಲ ಕಳೆದಿದ್ದವು. ಮಚ್ಚಿನ ಮೇಲೆ ಕುಳಿತ ದಿನ ಮಾತ್ರ ಒಂದೂ ಇರಲಿಲ್ಲ.

ಇಲ್ಲಿ ವೈರಾಗ್ಯಪರರು, ಇದೆಲ್ಲ ವಿಷಯಲಾಲಸೆ, ತೃಪ್ತನಿಗೆ ಒಂದು ಚಾಪೆ ಸಾಲದೇ ಎಂದು ಪೂರ್ವಪಕ್ಷ ಮಾಡಬಹುದು. ನಾನೂ ಮೊದಲು ಹಾಗೆಯೇ ಎಂದುಕೊಂಡೆನು. ಆದರೆ ಅದು ನ್ಯಾಯವಾದ ಮಾತಲ್ಲ. ಚಪ್ಪರವಿದ್ದರೆ ಗೋಡೆ ಕಾಯುವುದಿಲ್ಲ, ಒಳಗಿನ ಮನೆಯೂ ತಂಪು. ಬೇಸಗೆಯಲ್ಲಿ ಒಲೆಯನ್ನು ಹೊರಗಿಟ್ಟರೆ ಕಾವು ಹೊರಗೇ ಉಳಿಯುವುದು. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಅಡಿಗೆ ಮಾಡುವವರು ನಾಲ್ಕು ಗೋಡೆಗಳ ನಡುವೆ ಒಂಟಿಯಾಗದೆ ಉಳಿದವರ ಮಾತಿನ ಮಧ್ಯದಲ್ಲಿಯೇ ಇರುವರು. ವಲೆನ್ಸಿಯದವರ ‘ಪಾಯೆಯ’ ಎಂಬ ಅನ್ನಕ್ಕೆ ಅದನ್ನು ಬೇಯಿಸುವ ಅಗಲವಾದ ಎರಡು ಹಿಡಿಯ ಬಾಣಲೆಯಿಂದಲೇ ಆ ಹೆಸರು. ಭಾನುವಾರ ಮಧ್ಯಾಹ್ನ ಬಯಲಲ್ಲಿ ಕಿತ್ತಳೆಯ ಸೌದೆಯ ಉರಿಯ ಮೇಲೆ ಅದನ್ನಿಟ್ಟು, ಅನೇಕ ಮನೆಗಳಲ್ಲಿ ಗಂಡಸರೇ ಮಾಡುವರು. ಸುತ್ತಲೂ ನೆಂಟರು ನಿಂತು ಸಲಹೆ ಕೊಡುವರು. ಇದನ್ನು ಭೋಗವೆಂದು ಜರೆಯುವುದು ಗೃಹಸ್ಥಾಶ್ರಮವನ್ನೇ ಜರೆದಂತೆ. ಆದುದರಿಂದ ಸಜ್ಜು ದೋಷವಲ್ಲ.

ಹಾಗಾದರೆ ದೋಷವೆಲ್ಲಿ? ಆ ದೇಶದ ಕೊರ್ದೊಬ ನಗರದಲ್ಲಿಯೇ ಹುಟ್ಟಿ ರೋಮಿನಲ್ಲಿ ಬಾಳಿದ ಸೆನೆಕನು ವಿರಾಮವನ್ನು ಕುರಿತೂ ಆಯುಸ್ಸಿನ ಅಲ್ಪತೆಯನ್ನು ಕುರಿತೂ ಪ್ರಬಂಧಗಳನ್ನು ಬರೆದಿದ್ದಾನೆ. ಕೆಲವರಿಗೆ ವಿರಾಮವೇ ಒಂದು ಉದ್ಯೋಗವಾಗಿಬಿಡುವುದೆಂದು ಎರಡನೆಯದರಲ್ಲಿ ಅವನ ಆಕ್ಷೇಪ. ಕಂಚಿನ ಪಾತ್ರೆಗಳನ್ನು ಜೋಡಿಸುತ್ತ, ಔತಣದ ಬೆಳ್ಳಿಯನ್ನು ಆತಂಕದಿಂದ ಅಣಿಮಾಡುತ್ತ ದಿನ ಕಳೆಯುವವನು ವಿಶ್ರಾಂತನಲ್ಲವೆಂದು ಅವನು ನಿರ್ಣಯಿಸುವನು. ಅವನು ಸ್ವತಃ ಮಹಾ ಧನಿಕನಾಗಿದ್ದನೆಂಬುದನ್ನು ನೆನೆದರೆ ಇದು ಹೊರಗಿನವನ ದೂರಲ್ಲ, ಅನುಭವಿಯ ಮಾತು. ಸಾಧನವು ಸಾಧ್ಯವನ್ನು ನುಂಗಬಾರದೆಂಬುದೇ ಇದರ ತಾತ್ಪರ್ಯ. ಮಗನಿಗೆ ಇದನ್ನು ಹೇಳಿದೆನು. ಅವನು ನಕ್ಕು, “ಆಗಲಿ ಅಪ್ಪಾ, ಈ ಭಾನುವಾರವೇ ಇರುವುದರಲ್ಲಿ ಮಾಡೋಣ” ಎಂದು ಕಬ್ಬಿಣದ ಮುಕ್ಕಾಲಿಯೊಂದನ್ನೂ ಕಿತ್ತಳೆಯ ಸೌದೆಯನ್ನೂ ತಂದನು. ನಾನು ಗೆದ್ದೆನೆಂದುಕೊಂಡೆನು.

ಆ ಭಾನುವಾರ ಹುರುಳಿಕಾಯಿ, ಅವರೆಯಂತಹ ದೊಡ್ಡ ಬೀಜ, ಕೇಸರಿ ಹಾಕಿ ನಮ್ಮ ಮನೆಗೆ ತಕ್ಕ ಶಾಕಾಹಾರದ ಅನ್ನ ಸಿದ್ಧವಾಯಿತು. ಸೌದೆ ಸ್ವಲ್ಪ ಹಸಿಯಿತ್ತು. ಹೊಗೆ ನೇರವಾಗಿ ಮೇಲೆದ್ದು ಐದನೆಯ ಅಂತಸ್ತಿನ ಕಿಟಕಿಗೆ ನುಗ್ಗಿತು. ಅಲ್ಲಿ ಒಬ್ಬ ವೃದ್ಧೆ ಒಂಟಿಯಾಗಿ ಇರುವರು. ಕಿಟಕಿಯ ಹೊರಗಿನ ಹಗ್ಗದಲ್ಲಿ ಅವರು ಒಗೆದು ಹರವಿದ್ದ ಹಾಸಿಗೆಯ ಬಟ್ಟೆಗಳಿದ್ದವು. ಆಕೆ ಜಗಳಕ್ಕೆ ಬರಲಿಲ್ಲ. ಬಟ್ಟೆಗಳನ್ನು ಒಂದೊಂದಾಗಿ ಒಳಕ್ಕೆಳೆದುಕೊಂಡು, ಆ ಸೆಕೆಯಲ್ಲಿಯೂ ಕಿಟಕಿಯನ್ನು ಮುಚ್ಚಿದರು. ಮರುದಿನ ಬೆಳಗ್ಗೆ ಅದೇ ಬಟ್ಟೆಗಳು ಮತ್ತೆ ಒದ್ದೆಯಾಗಿ ಅದೇ ಹಗ್ಗದ ಮೇಲೆ ಬಂದುದನ್ನು ನಾನು ಕಂಡೆನು.

ಮಗನೊಡನೆ ಪ್ರಸ್ತಾಪಿಸಿದೆನು. “ಸಂಘದ ನಿಯಮದಲ್ಲಿ ಬೇಡವೆಂದಿಲ್ಲ” ಎಂಬುದು ಅವನ ಉತ್ತರ. ನಿಯಮದ ಮಾತು ಬಂದುದರಿಂದ ಅವನ ನೆರವಿನಿಂದಲೇ ವಿಚಾರಿಸಿದೆವು. ಪೌರಸಭೆಗಳ ಕಟ್ಟಳೆ ಊರಿಂದೂರಿಗೆ ಬೇರೆ. ಆದರೆ ಆ ದೇಶದ 1889ರ ಸಿವಿಲ್ ಸಂಹಿತೆಯ 1908ನೆಯ ವಿಧಿಯಲ್ಲಿ, ಜನರಿಗೂ ಸ್ವತ್ತಿಗೂ ಹಾನಿಕರವಾದ ಅತಿಹೊಗೆಗೆ ಒಡೆಯನೇ ಹೊಣೆಯೆಂದಿದೆ. ಒಂದೇ ಕಟ್ಟಡದಲ್ಲಿ ಹಲವರು ಒಡೆಯರಾಗಿರುವ ಸಂದರ್ಭಕ್ಕಾಗಿ 1960ರಲ್ಲಿ ಮಾಡಿದ ಕಾಯಿದೆಯ 7ನೆಯ ವಿಧಿಯು ಈಗಿರುವಂತೆ, ನೆರೆಯವರಿಗೆ ಉಪದ್ರವವಾದ ನಡವಳಿಕೆಯನ್ನು ಎಚ್ಚರಿಸಿದ ಮೇಲೂ ಬಿಡದವನಿಗೆ ಅವನ ಮನೆಯ ಉಪಯೋಗವನ್ನೇ ಮೂರು ವರ್ಷದವರೆಗೆ ತಪ್ಪಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಇದರ ಮೂಲ ಬಹು ಪುರಾತನ. ಗಿಣ್ಣಿನ ಅಂಗಡಿಯ ಹೊಗೆಯನ್ನು ಮೇಲಿನ ಮನೆಗೆ ಬಿಡಲು, ಅಂತಹ ಹಕ್ಕನ್ನು ಮೊದಲೇ ಪಡೆದಿಲ್ಲದಿದ್ದರೆ, ಅಧಿಕಾರವಿಲ್ಲವೆಂದು ಅರಿಸ್ತೊ ಎಂಬ ರೋಮನ್ ಧರ್ಮಜ್ಞನು ಕೊಟ್ಟ ಅಭಿಪ್ರಾಯ ಇಂದಿಗೂ ಉಳಿದಿದೆ. ಒಬ್ಬನು ತನ್ನ ನೆಲದಲ್ಲಿ ಏನನ್ನಾದರೂ ಮಾಡಬಹುದು, ಅದು ಪರರ ನೆಲಕ್ಕೆ ಏನನ್ನೂ ಹೊರಹೊಮ್ಮಿಸದಿದ್ದರೆ ಎಂಬುದು ಅದರ ಹುರುಳು.

ನಾನು ಇದನ್ನೆಲ್ಲ ಪಾಠ ಹೇಳುವ ಧಾಟಿಯಲ್ಲಿಯೇ ಹೇಳಿರಬೇಕು. ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ನಾನು ಚಿಕ್ಕವನಾಗಿದ್ದಾಗ ನೀವು ಜಗಲಿಯ ಮೇಲೆ ಶಾಸ್ತ್ರಿಗಳೊಡನೆ ತರ್ಕ ಮಾಡುತ್ತಿದ್ದಿರಿ. ಒಳಗೆ ಅಮ್ಮ ಊದುಕೊಳವೆ ಹಿಡಿದು ಕಣ್ಣೊರಸಿಕೊಳ್ಳುತ್ತಿದ್ದಳು. ಕಾಫಿ ತಡವಾದರೆ ನೀವು ಕೂಗುತ್ತಿದ್ದಿರಿ. ಆ ಹೊಗೆಗೆ ಯಾವ ವಿಧಿ?” ಎಂದು ಕೇಳಿದನು. ಅವನ ಧ್ವನಿಯಲ್ಲಿ ಕೋಪವಿರಲಿಲ್ಲ. ಅವನ ತಾಯಿ ಕಾಲವಾಗಿ ಆಗ ನಾಲ್ಕು ವರ್ಷ.

ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಗ್ಯಾಸಿನ ಒಲೆ ಬರುವ ತನಕ, ನಮ್ಮ ಮನೆಯಲ್ಲಿ ಹನ್ನೆರಡು ವರ್ಷ ಆಕೆ ಸೌದೆಯ ಒಲೆಯ ಮುಂದಿದ್ದಳು. ಅಡಿಗೆಮನೆಗೆ ಒಂದು ಬೆಳಕಿಂಡಿ ತೆಗೆಸಿಕೊಡೆಂದು ಎರಡು ಸಲ ಕೇಳಿದ್ದಳು. ಮುಂದಿನ ವರ್ಷವೆಂದೆನು. ಹಣವಿಲ್ಲದೆ ಅಲ್ಲ, ಅದು ನನಗೆ ಅವಸರದ ಕೆಲಸವಾಗಿ ತೋರಲಿಲ್ಲ. ಆ ವರ್ಷಗಳಲ್ಲಿಯೇ ಜಗಲಿಗೆ ಕಡಪದ ಕಲ್ಲು ಹಾಸಿಸಿದೆನು. ಅಂದರೆ ನಾನು ಕೂಡ ನನ್ನ ವಿರಾಮಸ್ಥಾನವನ್ನು ಸಜ್ಜುಗೊಳಿಸಿಕೊಂಡವನೇ. ವೈರಾಗ್ಯವೆಂದು ಎಣಿಸಿದ್ದ ನನ್ನ ಸರಳಜೀವನಕ್ಕೆ ಬೇಕಾದ ಸಾಮಗ್ರಿಯನ್ನು ಇನ್ನೊಬ್ಬರು ಒಳಗಿನಿಂದ ಒದಗಿಸುತ್ತಿದ್ದುದರಿಂದ ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಇದರಿಂದ ನನಗೆ ತೋರಿದುದಿಷ್ಟು. ವಿರಾಮವನ್ನು ಅಳೆಯುವಾಗ ಸಾಮಗ್ರಿ ಹೆಚ್ಚೋ ಕಡಮೆಯೋ ಎಂದು ಎಣಿಸುವುದು ಎರಡನೆಯ ಮಾತು. ಬರಿಯ ಕಲ್ಲಿನ ಮೇಲೆ ಕುಳಿತವನೂ ಪರಪೀಡಕನಾಗಬಹುದು. ಚಪ್ಪರ, ಕಾವಲಿ, ಒರಗು ಕುರ್ಚಿಗಳನ್ನಿಟ್ಟುಕೊಂಡವನೂ ನಿರ್ದೋಷಿಯಾಗಿರಬಹುದು. ಈ ಸುಖದ ಹೊಗೆ ಯಾರ ಕಣ್ಣಿಗೆ ಹೋಗುತ್ತಿದೆ, ಇದರ ಪಾತ್ರೆಯನ್ನು ಯಾರು ತೊಳೆಯುತ್ತಿದ್ದಾರೆ ಎಂಬುದು ಮೊದಲು ಕೇಳಬೇಕಾದ ಮಾತು. ನೆರೆಯವರು ದೂರಬಲ್ಲರು, ಕಾಯಿದೆ ಅವರ ಪಕ್ಷದಲ್ಲಿ ನಿಲ್ಲಬಲ್ಲುದು. ಮನೆಯವರು ದೂರುವುದಿಲ್ಲ, ಆದುದರಿಂದ ಅಲ್ಲಿ ನಾವೇ ಕೇಳಿಕೊಳ್ಳಬೇಕು. ಮೇಲಿನ ಮನೆಯ ಒದ್ದೆ ಬಟ್ಟೆಯನ್ನು ನಾನು ಒಂದೇ ದಿನದಲ್ಲಿ ಕಂಡೆನು, ಪಕ್ಕದ ಕೋಣೆಯ ಹೊಗೆಯನ್ನು ಹನ್ನೆರಡು ವರ್ಷ ಕಾಣಲಿಲ್ಲ. ದೂರದವರ ಮೇಲಿನ ದಯೆ ಸುಲಭವೆಂಬುದಕ್ಕೆ ಇದಕ್ಕಿಂತ ಪ್ರಮಾಣ ನನಗೆ ಬೇಕಿಲ್ಲ.

ಮಗನು ಇಟ್ಟಿಗೆಯ ಒಲೆಯ ಯೋಚನೆಯನ್ನು ಬಿಟ್ಟನು. ಪಾಯೆಯಕ್ಕೆಂದೇ ಅಲ್ಲಿ ಸಿಕ್ಕುವ, ಬಳೆಬಳೆಯಾಗಿ ಉರಿಯುವ ಗ್ಯಾಸಿನ ಒಲೆಯೊಂದನ್ನು ಕೊಂಡನು, ಬಟ್ಟೆಯ ಚಪ್ಪರಕ್ಕೆ ಸಂಘದ ಒಪ್ಪಿಗೆ ಬಂದಿತು, ಕುರ್ಚಿಗಳು ಮನೆಯೊಳಗಿನವೇ. ನಾನು ಹೊರಡುವ ಮುಂಚಿನ ಭಾನುವಾರ ಸೊಸೆಯು ಮೇಲಿನ ಮನೆಯ ವೃದ್ಧೆಯನ್ನು ಕರೆತಂದಳು. ಬಟ್ಟೆಯ ವಿಷಯಕ್ಕೆ ಮಗನು ಕ್ಷಮೆ ಕೇಳಲು ಹೊರಟಾಗ ಆಕೆ ಕೈಯಾಡಿಸಿ ತಡೆದು ಊಟಕ್ಕೆ ಕುಳಿತರು. ಉಂಡಾದ ಮೇಲೆ, ಅನ್ನ ಬಹಳ ಚೆನ್ನಾಗಿದೆ, ಆದರೆ ಕೋಳಿಯೂ ಮೊಲವೂ ಇಲ್ಲದ ಇದನ್ನು ದಯವಿಟ್ಟು ಪಾಯೆಯ ಎನ್ನಬೇಡಿರೆಂದರು. ಎಲ್ಲರೂ ನಕ್ಕೆವು. ಬಾಣಲೆಯ ತಳ ಹಿಡಿದ ಗರಿಯಾದ ಅನ್ನವನ್ನು ಅವರು ಬಹಳ ಮೆಚ್ಚುವರು. ಆಕೆ ಅದನ್ನು ಚಮಚದಿಂದ ಕೆರೆದು ನನಗೂ ಒಂದು ಪಾಲಿಟ್ಟರು.

ಅಂದು ಆ ಬಾಣಲೆಯನ್ನು ನಾನು ತೊಳೆದೆನು. ಅರುವತ್ತೆಂಟು ವರ್ಷದಲ್ಲಿ ಅದೇ ಮೊದಲು. ಅಗಲವಾದ ಪಾತ್ರೆಯಾದುದರಿಂದ ಕಷ್ಟವಾಯಿತು, ಅಂಚಿನ ಮಸಿ ಪೂರ್ತಿ ಹೋಗಲೂ ಇಲ್ಲ. ಸೊಸೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ, ಮತ್ತೊಮ್ಮೆ ತೊಳೆಯಲು ನನ್ನ ಕೈಗೇ ಕೊಟ್ಟಳು.