ಅಜ್ಜನ ಕಾರು, ನಾಮಿನಿಯ ಲೆಕ್ಕ

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ತೀರಿಹೋದವರ ಖಾತೆಯನ್ನು ಮುಚ್ಚುವಷ್ಟು ಕಷ್ಟದ ಕೆಲಸ ಬೇರೊಂದಿಲ್ಲ. ಮಗನೋ ಮಗಳೋ ಮರಣಪತ್ರ ಹಿಡಿದುಕೊಂಡು ಬರುತ್ತಾರೆ. "ನಾಮಿನಿ ನಾನೇ, ಹಾಗಾದರೆ ಹಣ ನನ್ನದೇ ಅಲ್ಲವೇ?" ಎಂದು ಕೇಳುತ್ತಾರೆ. ಅಲ್ಲವೆಂದು ಹೇಳಬೇಕಾಗುತ್ತದೆ. ಬ್ಯಾಂಕು ಹಣವನ್ನು ನಾಮಿನಿಯ ಕೈಗೆ ಕೊಡುವುದು ನಿಜ. ಆದರೆ ಕಾನೂನಿನ ಪ್ರಕಾರ ಅವನು ಅದರ ಒಡೆಯನಾಗುವುದಿಲ್ಲ. ನ್ಯಾಯವಾದ ವಾರಸುದಾರರ ಪರವಾಗಿ ಅದನ್ನು ಹಿಡಿದುಕೊಂಡಿರುತ್ತಾನೆ. ಇಪ್ಪತ್ತು ವರ್ಷಗಳಿಂದ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಈ ಮಾತನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಅದು ನನಗೂ ಅನ್ವಯಿಸುತ್ತದೆಂದು ಹೊಳೆದದ್ದು ಅಜ್ಜನ ಕಾರನ್ನು ರಿಪೇರಿಗೆ ಕೊಟ್ಟ ಮೇಲೆ.

ಅದು 1972ರ ಅಂಬಾಸಿಡರ್, ಮಾರ್ಕ್ 2. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಅನುಸರಿಸಿ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ಥಾನ್ ಮೋಟಾರ್ಸ್‌ನವರು 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಜಾತಿಯದು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ; ಅದಕ್ಕೆ ಮೊದಲು ನಾವು ಕಣ್ಣೂರು ಜಿಲ್ಲೆಯವರು. ಆದ್ದರಿಂದ ಕಾರಿನ ನಂಬರು ಇಂದಿಗೂ ಕೆ.ಎಲ್.ಸಿ. ಎಂದೇ ಶುರುವಾಗುತ್ತದೆ. ಅಜ್ಜ ಅದನ್ನು 1976ರಲ್ಲಿ, ಅಡಿಕೆಗೆ ತಕ್ಕ ಕ್ರಯ ಸಿಕ್ಕಿದ ಒಂದು ವರ್ಷ, ಇನ್ನೊಬ್ಬರಿಂದ ಕೊಂಡರು. ಆಗ ನಮ್ಮ ಗ್ರಾಮದಲ್ಲಿದ್ದದ್ದು ಅದೊಂದೇ ಕಾರು. ಹಾಗಾಗಿ ಅದು ನಮ್ಮ ಮನೆಯದೆಂಬುದು ಬರಿಯ ಹೆಸರಿಗೆ. ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು, ಅಡಿಕೆ ಮರದಿಂದ ಬಿದ್ದವರು ಎಲ್ಲರೂ ಮಂಗಳೂರಿಗೆ ಹೋದದ್ದು ಅದರ ಹಿಂದಿನ ಸೀಟಿನಲ್ಲಿ. ಪೆಟ್ರೋಲಿಗೆಂದು ಯಾರಾದರೂ ನೋಟು ಚಾಚಿದರೆ ಅಜ್ಜ, "ಅದು ಮದ್ದಿಗಿರಲಿ" ಎನ್ನುತ್ತಿದ್ದರು.

ಅಜ್ಜ 1998ರಲ್ಲಿ ತೀರಿಕೊಂಡರು. ಅಪ್ಪ ಕೆಲವು ವರ್ಷ ಓಡಿಸಿ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಮುಂದೆ ಅವರೂ ಹೋದರು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರು ಪಟ್ಟ ಪಾಡನ್ನು ಈ ವಾರ್ಷಿಕದ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಆ ದಿನಗಳಲ್ಲಿ ಒಂದು ಸಂಜೆ ಸುಮ್ಮನೆ ಕೊಟ್ಟಿಗೆಯ ಬಾಗಿಲು ತೆರೆದೆ. ಆ ದಾರಿಯಲ್ಲಿ ರಾತ್ರಿಹಗಲೆನ್ನದೆ ಓಡಿದ್ದ ಕಾರು ಟಯರು ಕುಸಿದು, ಸೀಟಿನೊಳಗೆ ಇಲಿಗಳನ್ನು ಸಾಕಿಕೊಂಡು ಕುಳಿತಿತ್ತು. "ಗುಜರಿಯವನಿಗೆ ಕೊಡು ಮಗಾ, ಜಾಗವಾದರೂ ಸಿಕ್ಕೀತು" ಎಂದರು ಅಮ್ಮ. ನನಗೆ ಮನಸ್ಸು ಬರಲಿಲ್ಲ.

ಎರಡು ವರ್ಷ ಕಳೆದು ಅದನ್ನು ಪೇಟೆಯ ವರ್ಕ್‌ಶಾಪಿಗೆ ಎಳೆಸಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ನಮ್ಮೂರಿನಲ್ಲಿ ತುಕ್ಕು ಯಾವುದನ್ನೂ ಬಿಡುವುದಿಲ್ಲ. ಅಂಬಾಸಿಡರಿಗೆ ಲಾರಿಗಿರುವಂತೆ ಬೇರೆಯೇ ಚಾಸಿಯಿಲ್ಲ. ಮೈಯೇ ಭಾರ ಹೊರಬೇಕು. ಆದ್ದರಿಂದ ಕಾಲಡಿಯ ತಗಡು ಹೋದರೆ ಬೆನ್ನೆಲುಬು ಹೋದಂತೆ. ಅದನ್ನು ಕತ್ತರಿಸಿ ಹೊಸ ತಗಡು ಬೆಸೆದರು. ನೀರು ಕುಡಿದು ಹಿಡಿದುಕೊಂಡಿದ್ದ ಇಂಜಿನನ್ನು ಬಿಚ್ಚಿ, ಲೇತಿನಲ್ಲಿ ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿದರು. ವಯರಿಂಗ್ ಪೂರ್ತಿ ಹೊಸತು. ಡೈನಮೊ ಹೋಗಿ ಆಲ್ಟರ್ನೇಟರ್ ಬಂತು. ಸೀಟಿನ ರೆಕ್ಸಿನ್, ಬ್ರೇಕಿನ ಕೊಳವೆಗಳು, ಗಾಜಿನ ಸುತ್ತಲಿನ ರಬ್ಬರು, ಒಂದೊಂದಾಗಿ ಎಲ್ಲವೂ ಬದಲಾದವು. ಬಿಚ್ಚಿದ ಹಳೆಯ ಸಾಮಾನುಗಳನ್ನು ಮೇಸ್ತ್ರಿ ಮೂರು ಗೋಣಿಗಳಲ್ಲಿ ಕಟ್ಟಿಕೊಟ್ಟ.

ಗೋಣಿಗಳನ್ನು ಜಗಲಿಯಲ್ಲಿ ಇಳಿಸುವಾಗ ಮಗಳು ಕೇಳಿದಳು: "ಅಪ್ಪಾ, ಅಜ್ಜನ ಕಾರು ವರ್ಕ್‌ಶಾಪಿನಲ್ಲಿರುವುದೋ, ಈ ಗೋಣಿಯಲ್ಲಿರುವುದೋ?"

ಅವಳು ನಗೆಯಾಡಿದ್ದು. ಆದರೆ ಇದು ಬಹಳ ಹಳೆಯ ಪ್ರಶ್ನೆ. ಅಥೆನ್ಸಿನವರು ವೀರ ಥೀಸಿಯಸನ ಹಡಗನ್ನು ಕಾಪಾಡುತ್ತಾ, ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸಿದರಂತೆ. ಅದು ಅದೇ ಹಡಗು ಹೌದೋ ಅಲ್ಲವೋ ಎಂದು ಅಲ್ಲಿನ ಪಂಡಿತರು ವಾದಿಸುತ್ತಿದ್ದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ತೆಗೆದ ಹಲಗೆಗಳನ್ನೆಲ್ಲ ಕೂಡಿಸಿ ಒಬ್ಬ ಇನ್ನೊಂದು ಹಡಗು ಕಟ್ಟಿದರೆ ಏನು ಮಾಡುತ್ತೀರಿ ಎಂದು 17ನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಕೇಳಿದ. ನನ್ನ ಜಗಲಿಯ ಗೋಣಿಯೂ ಇದೇ ಪ್ರಶ್ನೆ. ನಮ್ಮ ದೇಶದಲ್ಲಿ, 'ಮಿಲಿಂದ ಪಞ್ಹ'ದಲ್ಲಿ, ಭಿಕ್ಷು ನಾಗಸೇನ ರಥದಲ್ಲಿ ಬಂದ ರಾಜನನ್ನು ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ; ಇವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರು ರಥ. ನಾಗಸೇನನ ಉತ್ತರ ಬುದ್ಧಿಗೆ ಒಪ್ಪುತ್ತದೆ. ಆದರೆ ನಾನಿನ್ನೂ ತಿಳಿಯಬೇಕಾದದ್ದು, ಅಜ್ಜನ ಹೆಸರು ಹೊತ್ತ ವಸ್ತುವಿನಲ್ಲಿ ಎಷ್ಟನ್ನು ಬದಲಾಯಿಸಲು ನನಗೆ ಹಕ್ಕುಂಟು ಎಂಬುದು.

ಇದೇ ಸಂಗತಿ ಸರಕಾರದ ಕಾಗದದಲ್ಲಿಯೂ ಎದುರಾಯಿತು. 2021ರಲ್ಲಿ ಕೇಂದ್ರ ಸರಕಾರ 'ವಿಂಟೇಜ್' ವಾಹನಗಳಿಗೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿರಬೇಕು. ಚಾಸಿ, ಮೈ, ಇಂಜಿನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆದರೆ ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ ಮೊದಲಾದವುಗಳಿಗೆ ಹೊರತು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಬೆಂಗಳೂರಿನಲ್ಲಿರುವ ನೆಂಟರೊಬ್ಬರು, "ಹೆಚ್ಚು ಮುಟ್ಟಬೇಡ, ವಿಂಟೇಜ್ ಮಾಡಿಸು, ಮರ್ಯಾದೆ ಉಂಟು" ಎಂದು ಫೋನಿನಲ್ಲಿ ಬುದ್ಧಿ ಹೇಳಿದರು. ಮೇಸ್ತ್ರಿಗೆ ಇದನ್ನು ತಿಳಿಸಿದೆ. ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತಾ, "ವಂಡಿ ಓಡಾನುಳ್ಳದಾಣ್ ಸಾರೇ, ನೋಕ್ಕಾನುಳ್ಳದಲ್ಲ" ಎಂದ. ಗಾಡಿ ಇರುವುದು ಓಡಲಿಕ್ಕೆ, ನೋಡಲಿಕ್ಕಲ್ಲ. ಅಜ್ಜನಾದರೂ ಇದನ್ನೇ ಹೇಳುತ್ತಿದ್ದರೆಂದು ತೋರಿತು. ಮುಟ್ಟದೆ ಉಳಿಸಿದರೆ ಓಡಿಸುವಂತಿಲ್ಲ, ಓಡಬೇಕಾದರೆ ಮುಟ್ಟದೆ ನಿವೃತ್ತಿಯಿಲ್ಲ. ನಾನು ಓಟವನ್ನು ಆರಿಸಿಕೊಂಡೆ.

ಹಾಗೆಂದು ಬದಲಾಯಿಸಿದ್ದೆಲ್ಲ ಸರಿಯಾಗಿಬಿಡುತ್ತದೆಯೇ? ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು.

ಆರ್.ಸಿ. ಅಜ್ಜನ ಹೆಸರಿನಲ್ಲೇ ಇತ್ತು. ನನ್ನ ಹೆಸರಿಗೆ ಮಾಡಿಸಲು ಪುತ್ತೂರಿನಲ್ಲಿರುವ ಚಿಕ್ಕಪ್ಪನ ಒಪ್ಪಿಗೆ ಬೇಕು. ಪಾಲಿನ ಸಮಯದಲ್ಲಿ ಅಪ್ಪನಿಗೂ ಅವರಿಗೂ ಮಾತು ನಿಂತಿತ್ತು. ಕಾರು ಯಾರ ಪಾಲಿಗೂ ಬರೆದಿರಲಿಲ್ಲ. ಅಳುಕುತ್ತಲೇ ಹೋದೆ. ಅವರು ಕಾಗದವನ್ನು ಪೂರ್ತಿ ಓದಿದರು. "ಸಹಿ ಹಾಕುತ್ತೇನೆ. ಹಿಂದಿನ ಎಡಬಾಗಿಲು ಮಾತ್ರ ಇದ್ದ ಹಾಗೆಯೇ ಇರಲಿ" ಎಂದರು. ಆ ಬಾಗಿಲಲ್ಲಿ ಅಂಗೈಯಗಲದ ಒಂದು ತಗ್ಗು ಇತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಕೇಳದೆ ಕಾರು ತೆಗೆದು, ಗೇಟಿನ ಮುರಕಲ್ಲಿನ ಕಂಬಕ್ಕೆ ಒರಸಿದ್ದರಂತೆ. ಅಜ್ಜ ಬಂದು ನೋಡಿದರು, ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಗ್ಗೆ ಕೀಲಿಕೈಯನ್ನು ಚಿಕ್ಕಪ್ಪನ ಕೈಗೇ ಕೊಟ್ಟು, "ಬದಿಯಡ್ಕಕ್ಕೆ ಹೋಗಿ ಬರುವ, ನೀನೇ ಬಿಡು" ಎಂದರಂತೆ. ಆ ತಗ್ಗನ್ನು ಅಜ್ಜ ಕೊನೆಯವರೆಗೂ ಸರಿಪಡಿಸಲಿಲ್ಲ.

ಆಗಲಿ ಎಂದು ಮಾತುಕೊಟ್ಟು ಬಂದೆ. ಮಾರ್ಚ್ ಕೊನೆಯ ಲೆಕ್ಕದ ಗಡಿಬಿಡಿ. ಎರಡು ವಾರ ವರ್ಕ್‌ಶಾಪಿನ ಕಡೆ ತಲೆಹಾಕಲಿಲ್ಲ, ಒಂದು ಫೋನೂ ಮಾಡಲಿಲ್ಲ. ಹೋಗಿ ನೋಡುವಾಗ ಟಿಂಕರಿಂಗಿನವನು ಬಾಗಿಲನ್ನು ಬಡಿದು, ಪುಟ್ಟಿ ಎಳೆದು, ಕನ್ನಡಿಯಂತೆ ಮಾಡಿದ್ದ. ಅವನದೇನೂ ತಪ್ಪಿಲ್ಲ, ನಾನು ಹೇಳಿರಲೇ ಇಲ್ಲ. ನನ್ನ ಮುಖ ನೋಡಿ, "ಬೇಕಾದರೆ ಅಲ್ಲಿಯೇ ಇನ್ನೊಂದು ಪೆಟ್ಟು ಕೊಡುವ ಸಾರೇ" ಎಂದು ನಕ್ಕ. ಒಂದು ಗಳಿಗೆ ಹೌದೆನ್ನಲು ಹೊರಟಿದ್ದೆ. ಚಿಕ್ಕಪ್ಪನಿಗೆ ಗೊತ್ತಾಗುತ್ತಿರಲಿಲ್ಲವೋ ಏನೋ. ಆದರೆ ನಾನು ದಿನಾ ಸಹಿಗಳನ್ನು ತಾಳೆ ನೋಡುವವನು. ಅಳಿಸಿಹೋದ ಸಹಿಯನ್ನು ನಾವೇ ಬರೆದರೆ ಅದಕ್ಕೆ ಏನು ಹೆಸರೆಂದು ನನಗೆ ಗೊತ್ತುಂಟು.

ಬದಲಾವಣೆ ತಪ್ಪಲ್ಲ, ಬದಲಾವಣೆಯನ್ನು ಮುಚ್ಚಿಡುವುದು ತಪ್ಪು ಎಂಬುದು ಆ ದಿನ ನನಗೆ ಸ್ಪಷ್ಟವಾಯಿತು. ನಮ್ಮ ದೇವಸ್ಥಾನಗಳ ಜೀರ್ಣೋದ್ಧಾರವನ್ನು ನೋಡಿ. ದೇವರನ್ನು ಬಾಲಾಲಯದಲ್ಲಿಟ್ಟು ಗೋಡೆ, ಮಾಡು, ಕಂಬಗಳನ್ನೆಲ್ಲ ಹೊಸತಾಗಿ ಕಟ್ಟುತ್ತೇವೆ. ಬ್ರಹ್ಮಕಲಶವಾದ ಮೇಲೆ ಅದು ಬೇರೆ ದೇವಸ್ಥಾನವೆಂದು ಯಾರೂ ಹೇಳುವುದಿಲ್ಲ. ಆದರೆ ಯಾವ ವರ್ಷ ಏನನ್ನು ಕಟ್ಟಿದರೆಂದು ಗೋಡೆಯಲ್ಲಿ ಫಲಕ ಹಾಕುತ್ತೇವೆ. ಹೊಸತನ್ನು ಹಳೆಯದೆಂದು ನಂಬಿಸುವ ಪ್ರಯತ್ನ ಅಲ್ಲಿಲ್ಲ.

ನಾನೂ ಒಂದು ಪುಸ್ತಕ ಮಾಡಿದೆ. ತೆಗೆದದ್ದೇನು, ಹಾಕಿದ್ದೇನು, ಯಾವ ದಿನ, ಯಾಕೆ ಎಂದು ಲೆಡ್ಜರಿನಂತೆ ಗೀಟು ಹಾಕಿ ಬರೆದೆ. "ಹಿಂದಿನ ಎಡಬಾಗಿಲಿನ ತಗ್ಗು: ನನ್ನ ಅಜಾಗ್ರತೆಯಿಂದ ಅಳಿಯಿತು" ಎಂದೂ ಬರೆದೆ. ಗೋಣಿಗಳಲ್ಲಿ ಎರಡು ಗುಜರಿಗೆ ಹೋದವು, ಒಂದನ್ನು ಅಟ್ಟದಲ್ಲಿಟ್ಟೆ, ಅದೂ ಪುಸ್ತಕದಲ್ಲುಂಟು.

ಕಾರು ಸಿದ್ಧವಾದಾಗ ಮೊದಲು ಪುತ್ತೂರಿಗೆ ಹೋಗಿ ಚಿಕ್ಕಪ್ಪನಿಗೆ ನಡೆದದ್ದನ್ನು ಹೇಳಿದೆ. ಅವರು ಬಾಗಿಲ ಮೇಲೆ ನಿಧಾನವಾಗಿ ಕೈಯಾಡಿಸಿ, ಒಂದೆಡೆ ನಿಲ್ಲಿಸಿ, "ಇಲ್ಲಿ ಇತ್ತು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನೀನು ಹೇಳಿದ್ದು ಒಳ್ಳೆಯದಾಯಿತು" ಎಂದರು. ಆದರೆ ಅಂದು ಕಾರಿನಲ್ಲಿ ಕೂರಲಿಲ್ಲ. ಹೇಳಿದ ಮಾತ್ರಕ್ಕೆ ಹೋದದ್ದು ಬರುವುದಿಲ್ಲ; ಲೆಕ್ಕ ನೇರವಾಗುತ್ತದೆ, ಅಷ್ಟೆ.

ಗಡಿನಾಡಿನ ನಮ್ಮ ಮಾತನ್ನೂ ನಾನು ಈಗ ಹೀಗೆಯೇ ನೋಡುತ್ತೇನೆ. ಕನ್ನಡದಲ್ಲಿ ಅಪೇಕ್ಷೆಯೆಂದರೆ ಆಸೆ, ಮಲಯಾಳದಲ್ಲಿ ಅರ್ಜಿ. ನಮ್ಮವರು ಪಂಚಾಯತಿಗೆ 'ಅಪೇಕ್ಷೆ ಕೊಡುತ್ತಾರೆ'. ಇದು ಕೆಟ್ಟ ಕನ್ನಡವೆಂದು ಹೊರಗಿನವರು ನಗುವುದುಂಟು. ಓಡುವ ಗಾಡಿಗೆ ಹತ್ತಿರದ ಅಂಗಡಿಯ ಬಿಡಿಭಾಗ ಬೀಳುವುದು ಸಹಜ. ಯಾವ ಭಾಗ ಎಲ್ಲಿಂದ ಬಂತು, ಹೋದದ್ದು ಯಾವುದು ಎಂಬ ಲೆಕ್ಕವನ್ನು ಮಕ್ಕಳಿಗೆ ತಿಳಿಸಿದರೆ ಸಾಕು. ಯಾರೂ ಆಡದೆ ವರ್ಷಕ್ಕೊಮ್ಮೆ ವೇದಿಕೆಗೆ ತರುವ ಶುದ್ಧ ಕನ್ನಡಕ್ಕೆ ವಿಂಟೇಜ್ ಸರ್ಟಿಫಿಕೇಟು ಸಿಕ್ಕೀತು, ಆದರೆ ಅದರಲ್ಲಿ ಆಸ್ಪತ್ರೆಗೆ ಹೋಗಲಾಗುವುದಿಲ್ಲ.

ಈಗ ಆಸ್ಪತ್ರೆಗೆ ಅಜ್ಜನ ಕಾರು ಬೇಕಾಗಿಯೂ ಇಲ್ಲ. 108 ಉಂಟು, ಮನೆಮನೆಯಲ್ಲಿ ವಾಹನವುಂಟು. ಹಾಗಾದರೆ ಇದನ್ನು ಯಾರ ಪರವಾಗಿ ಇಟ್ಟುಕೊಂಡಿದ್ದೇನೆ ಎಂದು ಕೆಲವೊಮ್ಮೆ ಕೇಳಿಕೊಳ್ಳುತ್ತೇನೆ. ಪಿಂಚಣಿಯ ಮಸ್ಟರಿಂಗಿಗೆ ನೆರೆಕರೆಯ ನಾಲ್ವರು ಹಿರಿಯರನ್ನು ಅಕ್ಷಯ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಅವರಲ್ಲಿ ಒಬ್ಬಾಕೆ ಹಿಂದಿನ ಸೀಟಿನಲ್ಲಿ ಕುಳಿತು, "ನನ್ನ ದೊಡ್ಡ ಮಗನ ಹೆರಿಗೆಗೆ ಇದರಲ್ಲೇ ಹೋದದ್ದು" ಎಂದರು. ಸೀಟು ಹೊಸತೆಂದು ನಾನು ಹೇಳಿದೆ. "ಇರಲಿ, ಅಲುಗಾಟ ಅದೇ" ಎಂದು ನಕ್ಕರು. ಇಳಿಯುವಾಗ ಇಪ್ಪತ್ತು ರೂಪಾಯಿ ಚಾಚಿದರು. ಏನು ಹೇಳಬೇಕೆಂದು ನನಗೆ ಗೊತ್ತಿತ್ತು.