ಮಹಾಪೂರ ಬಂದ ವರ್ಷ, ಬಾರದ ವರ್ಷ

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ದಾರಿಯಲ್ಲಿ ಪೀರನವಾಡಿ. ಮಾತಾಡುವವರಲ್ಲಿ ಒಬ್ಬರು ಅಲ್ಲಿ ಮನೆ ಮಾಡಿಕೊಂಡಿರುವ ನಿವೃತ್ತ ಹೈಸ್ಕೂಲ್ ಮಾಸ್ತರರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಖಾನಾಪುರ ತಾಲ್ಲೂಕಿನ ಹಳ್ಳ-ಹೊಳೆಗಳ ಆಹಾರಜಾಲವನ್ನು ಅಭ್ಯಾಸ ಮಾಡುತ್ತಿರುವವಳು. ಮಳೆಗಾಲ ಮುಗಿದ ಮೇಲಿನ ಮಾತು.

ಕಾಕಾ: ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ. ದೊಡ್ಡ ಮೀನ ಸಣ್ಣ ಮೀನ ತಿಂತೈತಿ ಅನ್ನೂದು ಕೌಟಿಲ್ಯನ ಕಾಲದಾಗ ಗೊತ್ತಿತ್ತು. ಮತ್ಸ್ಯನ್ಯಾಯ ಅಂತ ಹೆಸರನೂ ಇಟ್ರು. ಅದನ್ನ ತಿಳಕೊಳ್ಳಾಕ ನೀ ಇಡೀ ಆಯುಷ್ಯ ಕೊಡಬೇಕೇನು?

ಮಗಳು: ಕೌಟಿಲ್ಯ ರಾಜ್ಯದ ಮಾತು ಹೇಳಾಕ ಮೀನ ತಗೊಂಡ ಕಾಕಾ, ಹೊಳಿಯ ಮಾತು ಹೇಳಾಕಲ್ಲ. ಹೊಳ್ಯಾಗ ಇಳದು ನೋಡಿದ್ರ ದೊಡ್ಡದು ಸಣ್ಣದನ್ನ ತಿನ್ನೂದು ಕತಿಯ ಒಂದು ತುಣುಕಷ್ಟ. ಆ ಸಣ್ಣ ಮೀನ ಏನು ತಿಂದು ಬೆಳೀತು? ಅದು ತಿಂದ ಹುಳ ಏನು ತಿಂತು? ಕೇಳಕೋಂತ ಹೋದ್ರ ಕಣಕುಂಬಿ ಕಡೆ ಕಾಡಿನ ಹಳ್ಳದಾಗ ಕಡೀಗೆ ಸಿಗೂದು ಒಂದು ಉದುರಿದ ಎಲಿ.

ಕಾಕಾ: ನೀರಾಗ ಬಿದ್ದ ಎಲಿ ಕೊಳೀತೈತಿ. ಅದೇನು ಊಟ?

ಮಗಳು: ಕೊಳಿಯೂದ ಅಡಗಿ. ಎಲಿ ನೀರಿಗೆ ಬಿದ್ದ ಮ್ಯಾಲ ಮದಲು ಅದರ ಮ್ಯಾಲ ಶಿಲೀಂಧ್ರ ಹತ್ತತಾವ. ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಶ್ರೀಧರ್ ಅವರು ಘಟ್ಟದ ತೊರೆಗಳಾಗಿನ ಈ ಶಿಲೀಂಧ್ರಗಳ ಅಭ್ಯಾಸಕ್ಕ ದಶಕಗಟ್ಟಲೆ ಕೊಟ್ಟಾರ. ಶಿಲೀಂಧ್ರ ಹತ್ತಿದ ಎಲಿ ಮೆತ್ತಗಾಗತೈತಿ, ಅದರಾಗಿನ ಸತ್ವನೂ ಹೆಚ್ಚಾಗತೈತಿ. ಆಮ್ಯಾಲ ಹುಳ ಬಂದು ನರ ಬಿಟ್ಟು ಉಳಿದದ್ದನ್ನ ಕೊರದು ತಿಂತಾವ. ಇನ್ನ ಹರಿಯೂ ನೀರಾಗಿನ ಒಂದು ಕಲ್ಲ ಎತ್ತಿ ಹೊಳ್ಳಿ ಹಾಕ್ರಿ. ಅಡಿಗೆ ಮರಳಿನ ಕಾಳು ಅಂಟಿಸಿ ಮಾಡಿದ ಸಣ್ಣ ನಳಿಗಿ ಕಾಣ್ತಾವ. ಕ್ಯಾಡಿಸ್ ಅನ್ನೂ ಹುಳದ ಮರಿ ತನ್ನ ಬಾಯಿಂದ ರೇಷ್ಮಿ ಎಳಿ ತಗದು, ಒಂದೊಂದ ಕಾಳು ಜೋಡಿಸಿ ಕಟ್ಟಿಕೊಂಡ ಮನಿ ಅದು. ಮುಟ್ಟಿದ್ರ ತಲಿ ಒಳಗ ಎಳಕೋತೈತಿ. ಈ ಮನಿ ನೆನಪಿಟ್ಟುಕೋರಿ, ಮುಂದ ಬೇಕಾಗತೈತಿ.

ಕಾಕಾ: ಇಟ್ಟುಕೊಂಡೆ. ಆದ್ರ ನನ್ನ ಪ್ರಶ್ನಿ ಬ್ಯಾರೆ. ಎಲಿ ಕಣ್ಣಿಗೆ ಕಾಣ್ತೈತಿ, ಹುಳ ಕಾಣ್ತೈತಿ, ಮೀನ ಕಾಣ್ತೈತಿ. ಇದು ಅದನ್ನ ತಿಂತು ಅಂತ ನಡುವ ನೀವು ಎಳಿಯೂ ಗೆರಿ ಎಲ್ಲೈತಿ? ಅದು ನಿಮ್ಮ ಹಾಳಿ ಮ್ಯಾಲ ಐತೋ, ಹೊಳ್ಯಾಗ ಐತೋ?

ಮಗಳು: ಮೀನಿನ ಮಾಂಸದಾಗ ಐತಿ. ಹೊಟ್ಟಿ ಸೀಳಿ ನೋಡಿದ್ರ ಈಗಷ್ಟ ತಿಂದದ್ದು ತಿಳೀತೈತಿ. ತಿಂಗಳಾನುಗಟ್ಟಲೆ ತಿಂದದ್ದು ಮೈಯಾಗ ಕೂತಿರತೈತಿ. ಸಾರಜನಕದಾಗ ಹಗುರಾದದ್ದೊಂದು, ಭಾರದ್ದೊಂದು ಅಂತ ಎರಡು ನಮೂನಿ ಅದಾವ. ತಿಂದದ್ದರಿಂದ ತಿಂದವರಿಗೆ ಒಂದು ಮೆಟ್ಟಲ ಏರಿದಂಗ ಭಾರದ್ದರ ಪಾಲು ಸರಾಸರಿ ಸಾವಿರಕ್ಕ 3.4ರಷ್ಟು ಏರತೈತಿ. ಹಂಗಾಗಿ ಮೀನ ಎಷ್ಟನೇ ಮೆಟ್ಟಲದ ಮ್ಯಾಲ ಕೂತೈತಿ ಅಂತ ಅಳೀಬಹುದು. ಇಂಗಾಲ ಮಾತ್ರ ಅಷ್ಟು ಬದಲಾಗೂದಿಲ್ಲ, ಅದು ಅನ್ನದ ಮೂಲ ಹೇಳತೈತಿ. ಕಾಡಿನ ಗಿಡದ ಗುರುತು ಒಂದು. ಕಬ್ಬು, ಗೋವಿನಜೋಳ ಗಾಳಿಯಾಗಿನ ಇಂಗಾಲ ಹಿಡಿಯೂ ರೀತಿನ ಬ್ಯಾರೆ, ಹಂಗಾಗಿ ಅವುಗಳ ಗುರುತೂ ಬ್ಯಾರೆ. ಕಾಡು ಬಿಟ್ಟು ಕಬ್ಬಿನ ಹೊಲದ ಬಾಜೂಕ ಹೊಳಿ ಹರೀತಂದ್ರ, ಆ ರವದಿ ನೀರಿಗೆ ಬಿದ್ದು ಹುಳದ ಅನ್ನ ಆತೋ ಇಲ್ಲೋ ಅನ್ನೂದನ್ನ ಮೀನಿನ ಮೈಯ ಹೇಳತೈತಿ.

ಕಾಕಾ: ಆತು, ಗೆರಿ ಖರೇ. ಅಂದ್ರ ಮತ್ಸ್ಯನ್ಯಾಯನೂ ಖರೇ ಆತಲ್ಲ? ಮೆಟ್ಟಲ ಅಂದಿ, ಮ್ಯಾಲಿನವರು ಕೆಳಗಿನವರನ್ನ ತಿಂತಾರ.

ಮಗಳು: ಅಲ್ಲೇ ಹೊಳಿ ನಮ್ಮನ್ನ ತಡದು ನಿಲ್ಲಸತೈತಿ. ಮೇರಿ ಪವರ್ ಅಂತ ಅಮೆರಿಕದ ವಿಜ್ಞಾನಿ. ಅವರ ಆಯುಷ್ಯ ಎಲ್ಲಾ ಇದ ಪ್ರಶ್ನಿಗೆ ಹೋಗೇತಿ. ಮದಲ ಪನಾಮಾದ ಒಂದು ತೊರ್‍ಯಾಗ ಪಾಚಿ ತಿನ್ನೂ ಮೀನ ನೋಡಿದ್ರು. ಕೊಕ್ಕರೆ, ಮಿಂಚುಳ್ಳಿ ಹೊಡದು ತಿಂತಾವ ಅನ್ನೂ ಅಂಜಿಕಿಗೆ ಆ ಮೀನ ತೆಳು ನೀರಿಗೆ ಬರ್ತಿರಲಿಲ್ಲ, ಹಂಗಾಗಿ ದಂಡ್ಯಾಗ ಪಾಚಿ ದಪ್ಪಗ ಬೆಳದಿತ್ತು. ಪಾಚಿ ಉಳಿಸಿದ್ದು ಅದನ್ನ ಎಂದೂ ಮುಟ್ಟದ ಹಕ್ಕಿ. ಆಮ್ಯಾಲ ಕ್ಯಾಲಿಫೋರ್ನಿಯಾದ ಈಲ್ ಹೊಳ್ಯಾಗ ಜಾಳಿಗಿ ಪಂಜರ ಇಟ್ಟು ಪ್ರಯೋಗ ಮಾಡಿದ್ರು. ಕೆಲವು ಪಂಜರದಾಗ ದೊಡ್ಡ ಮೀನ ಬಿಟ್ರು, ಕೆಲವಕ್ಕ ಬಿಡಲಿಲ್ಲ. 1990ರಾಗ ಅದು ಪ್ರಕಟ ಆತು. ಎಲ್ಲಿ ಪಾಚಿ ಚಲೋ ಇತ್ತು ಹೇಳ್ರಿ?

ಕಾಕಾ: ಮೀನ ಹುಳ ತಿಂದ್ರ ಪಾಚಿ ಉಳೀಬೇಕು. ಮೀನ ಇದ್ದಲ್ಲಿ.

ಮಗಳು: ಮೀನ ಇಲ್ಲದಲ್ಲಿ. ದೊಡ್ಡ ಮೀನ ತಿಂದದ್ದು ಏರೋಪ್ಲೇನ್ ಚಿಟ್ಟಿಯಂಥ ಹುಳದ ಮರಿ, ಸಣ್ಣ ಮೀನಿನ ಮರಿ, ಇಂಥಾ ಸಣ್ಣ ಬೇಟೆಗಾರರನ್ನ. ಅವು ಕಡಿಮಿ ಆದಂಗ ಪಾಚಿ ತಿನ್ನೂ ಹುಳ ಹೆಚ್ಚಾಗಿ, ಪಾಚಿ ನೆಲ ಕಚ್ಚಿತು. ಅಂದ್ರ ಯಾರು ಯಾರಿಗೆ ಶತ್ರು, ಯಾರು ಮಿತ್ರ ಅನ್ನೂದು ಅವರ ಗಾತ್ರದಾಗಿಲ್ಲ, ನಡುವ ಎಷ್ಟು ಮಂದಿ ಅದಾರ ಅನ್ನೂದರಾಗೈತಿ. ಬಲವಂತ ದುರ್ಬಲನ್ನ ತಿಂತಾನ ಅಂತ ಎರಡ ಮಂದಿಯ ಕತಿ ಹೇಳಿ ಮುಗಸತೈತಿ ಮತ್ಸ್ಯನ್ಯಾಯ. ಹೊಳ್ಯಾಗ ಎರಡ ಮಂದಿಯ ಕತಿ ಇಲ್ಲ.

ಕಾಕಾ: ಹಂಗಾರ ಹೊಸ ನ್ಯಾಯ ಸಿಕ್ಕಂಗಾತು. ಮೀನ ಹೆಚ್ಚಾದ್ರ ಪಾಚಿ ಕಡಿಮಿ. ಬರದಿಟ್ಟುಕೊಂಡು ಮುಗಸಬಹುದಿತ್ತಲ್ಲ?

ಮಗಳು: ಮುಗಸಲಿಲ್ಲ ಅನ್ನೂದ ಅವರ ದೊಡ್ಡತನ. ಅದ ಹೊಳಿಗೆ ವರ್ಷಾ ಹೋದ್ರು. 18 ವರ್ಷ ನೋಡಿದ್ದನ್ನ ಒಟ್ಟುಗೂಡಿಸಿ 2008ರಾಗ ಬರದ್ರು. ಅಲ್ಲಿ ಮಳಿ ಚಳಿಗಾಲದಾಗ. ಮಹಾಪೂರ ಬಂದು ತಳದ ಕಲ್ಲ ಉರುಳಿಸಿದ ವರ್ಷ ಒಂದು ನಮೂನಿ, ಮಳಿ ಕೈಕೊಟ್ಟು ಪೂರ ಬಾರದ ವರ್ಷ ಇನ್ನೊಂದು ನಮೂನಿ. ಪೂರ ಬಾರದಿದ್ರ, ನಾ ಹೇಳಿದ್ನೆಲ್ಲ, ಕಾಳಿನ ಮನಿ ಕಟ್ಟೂ ಕ್ಯಾಡಿಸ್ ಹುಳ, ಅದರ ಜಾತಿಯ ಒಂದು ದೊಡ್ಡ ಹುಳ ಸಾಯದ ಉಳೀತೈತಿ. ಪಾಚಿ ಎಲ್ಲಾ ಅದ ಮೇಯತೈತಿ. ಕಲ್ಲಿನ ಮನಿ ಇರೂದರಿಂದ ಮೀನಿಗೆ ಅದನ್ನ ತಿನ್ನಾಕ ಆಗೂದಿಲ್ಲ. ಅಂಥಾ ವರ್ಷ ಮೀನ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ನಾಕು ಮೆಟ್ಟಲದ ಜಾಲ ಎರಡ ಮೆಟ್ಟಲಕ್ಕ ಇಳೀತೈತಿ. ಅದ ಹೊಳಿ, ಅದ ಜೀವ, ಸಂಬಂಧ ಬ್ಯಾರೆ.

ಕಾಕಾ: ಇಂಥಾ ವರ್ಷ ಹಿಂಗ, ಅಂಥಾ ವರ್ಷ ಹಂಗ. ಅದನ್ನ ಶಾಸ್ತ್ರ ಅಂತಾರೇನು? ನಾ ವರ್ಗದಾಗ ಹಂಗ ಕಲಸಿದ್ರ ಹುಡುಗರು ಎದ್ದು ಹೋಗ್ತಿದ್ರು.

ಮಗಳು: ನಿಯಮ ಇಲ್ಲಂತಲ್ಲ ಕಾಕಾ. ನಿಯಮ ಮೀನಿನ ಸ್ವಭಾವದಾಗ ಇರಬೇಕು ಅಂತ ನಾವು ಹುಡುಕಿದ್ವಿ. ಅದು ನೀರಿನ ನಡವಳಿಕ್ಯಾಗಿತ್ತು. ಪೂರ ಬಂದು ಹಳೇದನ್ನ ಒರಸತೈತಿ, ಹೊಸದಾಗಿ ಯಾರು ಮದಲ ಬರಬೇಕು ಅಂತ ದಾರಿ ಬಿಡತೈತಿ. 2019ರ ಆಗಸ್ಟಿನಾಗ ಮಲಪ್ರಭಾ ಉಕ್ಕಿದಾಗ ನಾವು ಮುರದ ಮನಿ, ಮುಳುಗಿದ ಬೆಳಿ ಎಣಿಸಿದ್ವಿ. ಎಣಿಸಬೇಕಾದ್ದ. ತಳದ ಕಲ್ಲಿನ ಅಡಿಗೆ ಏನಾತು ಅಂತ ಕೇಳಿದವರು ಕಡಿಮಿ. ಕ್ಯಾಲಿಫೋರ್ನಿಯಾದಾಗ ಆದದ್ದ ಇಲ್ಲೂ ಆಗತೈತಿ ಅಂತ ನಾ ಅನ್ನೂದಿಲ್ಲ. ಅಲ್ಲಿಯ ಹುಳ ಬ್ಯಾರೆ, ಮಳಿಯ ಕಾಲ ಬ್ಯಾರೆ. ಆದ್ರ ಅದ ಪ್ರಶ್ನಿಯನ್ನ ಇಲ್ಲಿ ಕೇಳಬೇಕು.

ಕಾಕಾ: ಈಗ ನಾ ಖರೇ ಸಂಕಟಕ್ಕ ಬರ್ತೇನಿ. ನಿನ್ನ ಕಾಕಿ ತವರುಮನಿ ನವಲಗುಂದ. ಮಲಪ್ರಭೆಯ ನೀರಿಗೆ ಆ ಮಂದಿ ಎಷ್ಟು ವರ್ಷ ಬೀದ್ಯಾಗ ಕೂತ್ರು. ಮಲಪ್ರಭಾ ಹುಟ್ಟೂದು ಕಣಕುಂಬಿ, ಮಹದಾಯಿ ಹುಟ್ಟೂದು ದೇಗಾಂವ, ಎರಡೂ ಖಾನಾಪುರ ತಾಲ್ಲೂಕ. ಒಂದು ಮೂಡಕ್ಕ ಹರದು ಕೂಡಲಸಂಗಮದಾಗ ಕೃಷ್ಣೆಯ ಕೂಡತೈತಿ. ಇನ್ನೊಂದು ಪಡುವಕ್ಕ ಹರದು ಗೋವಾದ ಸಮುದ್ರ ಸೇರತೈತಿ. 2018ರಾಗ ನ್ಯಾಯಮಂಡಳಿ ಮಹದಾಯಿಯ ನೀರಾಗ ನಮಗ 13.42 ಟಿಎಂಸಿ ಅಂತು. ಅದರಾಗ ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಒಟ್ಟು 3.9 ಟಿಎಂಸಿ ಮಲಪ್ರಭೆಗೆ. ಕುಡಿಯೂ ನೀರದು. ನಿನ್ನ ಹುಳದ ಮನಿ ಸಲುವಾಗಿ ನವಲಗುಂದದ ಕೊಡ ಖಾಲಿ ಇರಬೇಕೇನು?

ಮಗಳು: ಇರಬಾರದು. ಮನಿಷ್ಯಾನೂ ಆ ಜಾಲದಾಗ ಒಬ್ಬ, ಅವನ ನೀರಡಿಕಿ ಹೊರಗಿನ ಮಾತಲ್ಲ. ನಾ ಹೇಳೂದು ಇಷ್ಟ. ಟಿಎಂಸಿ ಅಂದ್ರ ವರ್ಷದಾಗ ಎಷ್ಟು ನೀರ ಅನ್ನೂ ಲೆಕ್ಕ. ಯಾವಾಗ ಬಂತು, ಎಷ್ಟು ರಭಸದಿಂದ ಬಂತು, ಕಲ್ಲ ಉರುಳಿತೋ ಇಲ್ಲೋ ಅನ್ನೂದು ಅದರಾಗ ಬರೂದಿಲ್ಲ. ಹುಳಕ್ಕೂ ಮೀನಿಗೂ ಲೆಕ್ಕಕ್ಕ ಬರೂದು ಅದ. ವರ್ಷದ ಮೊತ್ತ ಅಷ್ಟ ಇದ್ದು ಪೂರ ಮಾತ್ರ ನಿಂತು ಹೋದ್ರ ಹೊಳಿಯ ಸಂಬಂಧ ಎಲ್ಲಾ ಬದಲಾಗಬಹುದು. ಇನ್ನೊಂದು ಮಾತು. ಸಮುದ್ರಕ್ಕ ಹೋದ ನೀರ ಹಾಳು ಅಂತ ಎರಡೂ ದಂಡಿ ಮಂದಿ ಅಂತಾರ. ದಾರಿಯುದ್ದಕ್ಕ ಅದು ಎಷ್ಟು ಜನ್ಮಕ್ಕ ಅನ್ನ ಹಾಕಿ ಹೋತು ಅಂತ ಎಣಿಸಿದ ಮ್ಯಾಲ ಆ ಮಾತು ಆಡಾಕ ಬರೂದಿಲ್ಲ.

ಕಾಕಾ: ದಂಡಿ ಅಂದಿ. ಹೊಳಿ ದಂಡಿಗೆ ಮುಗೀತೈತೇನು ನಿಮ್ಮ ಲೆಕ್ಕದಾಗ?

ಮಗಳು: ಇಲ್ಲ. ಜಪಾನಿನ ಹೊಕ್ಕೈಡೋದಾಗ ಶಿಗೇರು ನಕಾನೋ ಅಂತ ಒಬ್ಬ ವಿಜ್ಞಾನಿ ಇದ್ರು. ಹೊರೊನಾಯ್ ಅನ್ನೂ ತೊರಿಯ ಮ್ಯಾಲ ಜಾಳಿಗಿ ಚಪ್ಪರ ಹಾಕಿ, ಕಾಡಿನಿಂದ ಹುಳ ನೀರಿಗೆ ಬೀಳದಂಗ ಮಾಡಿದ್ರು. ಮೀನ ತಳದ ಹುಳಕ್ಕ ಬಾಯಿ ಹಾಕಿದ್ವು, ಪಾಚಿ ಏರಿತು. ಆಮ್ಯಾಲ ವರ್ಷಪೂರ್ತಿ ಎಣಿಸಿದ್ರು. ಅಲ್ಲಿಯ ಮೀನಿನ ವರ್ಷದ ಆಹಾರದಾಗ ಶೇ. 44 ಕಾಡಿನಿಂದ ಬಿದ್ದದ್ದು. ದಂಡಿಯ ಕಾಡಿನ ಹಕ್ಕಿಗಳ ಆಹಾರದಾಗ ಶೇ. 26ರಷ್ಟು ನೀರಿನಿಂದ ಎದ್ದು ಬಂದ ಹುಳ. ನಮ್ಮ ಖಾನಾಪುರದ ಭೀಮಗಡದ ಕಾಡು ಕಡದ್ರ ಹೊಳಿಗೆ ಏನಾಗತೈತಿ ಅಂತ ಕೇಳೂದಕ್ಕ ಇದು ಬುಡ. ಆ ಎಣಿಕಿಯ ಬರಹ ಬಂದದ್ದು 2001ರಾಗ. ನಕಾನೋ 2000ದ ಮಾರ್ಚ್‌ನಾಗ ಮೆಕ್ಸಿಕೋದ ಸಮುದ್ರದಾಗ ದೋಣಿ ಮುಳುಗಿ ತೀರಿಕೊಂಡಿದ್ರು. ಆಗ ಅವರಿಗೆ 37 ವರ್ಷ.

ಕಾಕಾ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಒಬ್ಬರಿಗೆ ಹದಿನೆಂಟು ವರ್ಷ ಸಿಕ್ತು, ಒಬ್ಬರಿಗೆ ಸಿಗಲಿಲ್ಲ. ಹೊಳಿಗೆ ಮಾತ್ರ ಇನ್ನೂ ಎಷ್ಟೋ ಮಹಾಪೂರ, ಎಷ್ಟೋ ಬರ. ಹಂಗಾರ ಹೊಳಿ ತಿಳಿಯೂದು ಒಬ್ಬರ ಆಯುಷ್ಯದ ಕೆಲಸ ಅಲ್ಲ.

ಮಗಳು: ಅಲ್ಲ. ಅದಕ್ಕ ನೀವು ಮದಲು ಕೇಳಿದ್ದಕ್ಕ ಈಗ ಉತ್ತರ ಕೊಡ್ತೇನಿ. ಇಡೀ ಆಯುಷ್ಯ ಕೊಟ್ರೂ ಕಡಿಮಿ ಬೀಳತೈತಿ. ನಾ ಎಣಿಸಿದ್ದನ್ನ ಮುಂದ ಬರಾವರು ಅದ ಜಾಗಾದಾಗ, ಅದ ರೀತಿ ಎಣಿಸಾಕ ಬರುವಂಗ ಬರದಿಡಬೇಕು. ಖಾನಾಪುರದ ಹೊಳಿ ದಂಡಿಯ ಸಾಲಿ ಹುಡುಗರು ಪ್ರತಿ ವರ್ಷ ಮಳಿಗಾಲ ಮುಗದ ಮ್ಯಾಲ ಅವ ಕಲ್ಲ ಎತ್ತಿ ನೋಡಿ ಬರದಿಟ್ರ, ಅದು ನನ್ನ ಪ್ರಬಂಧಕ್ಕಿಂತ ಹೆಚ್ಚು ದಿನ ಬಾಳತೈತಿ. ಅದನ್ನ ಕಲಸಾಕ ಮಾಸ್ತರರು ಬೇಕು.

ಕಾಕಾ: ಮಾಸ್ತರರು ಬರ್ತಾರ, ಆ ಮಾತು ನನಗ ಬಿಡು. ಆದ್ರ ಎಷ್ಟ ಎಣಿಸಿದ್ರೂ, ನೀರ ಯಾರಿಗೆ ಅನ್ನೂದನ್ನ ನಿಮ್ಮ ಎಣಿಕಿ ಹೇಳೂದಿಲ್ಲ.

ಮಗಳು: ಹೇಳೂದಿಲ್ಲ, ಹೇಳಬಾರದು. ಅದು ನವಲಗುಂದದವರು, ಖಾನಾಪುರದವರು, ಗೋವಾದವರು ಕೂತು ಮಾಡೂ ತೀರ್ಮಾನ. ಯಾವ ತೀರ್ಮಾನ ಮಾಡಿದ್ರೂ ಏನು ಬದಲಾಗತೈತಿ ಅಂತ ಮದಲ ತಿಳದು ಮಾಡಬೇಕು, ಮಾಡಿದ ಮ್ಯಾಲ ವರ್ಷಾ ಹೋಗಿ ನೋಡಬೇಕು. ಅಷ್ಟಾದ್ರ ನನ್ನ ಕೆಲಸ ಸಾರ್ಥಕ.